ಪದ ಪರಿಚಯ: ನಿಕಾಯ

‘ಕಲಾ ನಿಕಾಯ’, ‘ವಿಜ್ಞಾನ ನಿಕಾಯ’, ‘ವಾಣಿಜ್ಯ ನಿಕಾಯ’ ಎಂಬ ಮಾತುಗಳು ವಿಶ್ವವಿದ್ಯಾಲಯದ ಸುತ್ತೋಲೆಗಳಲ್ಲಿ ಪದೇಪದೇ ಬಂದರೂ ಹೆಚ್ಚಿನ ವಿದ್ಯಾರ್ಥಿಗಳು ಪದವಿ ಮುಗಿಸುವವರೆಗೂ ಅವುಗಳ ಅರ್ಥದ ಗೋಜಿಗೆ ಹೋಗುವುದಿಲ್ಲ. ನಿಕಾಯ ಎಂದರೆ ಸಮೂಹ. ಪಾಲಿ ಭಾಷೆಯಲ್ಲಿ ಬುದ್ಧನ ಉಪದೇಶಗಳ ಸಂಗ್ರಹಗಳಿಗೂ ಇದೇ ಹೆಸರಿದೆ. ವಿಶ್ವವಿದ್ಯಾಲಯದ ಮಟ್ಟಿಗೆ, ಒಂದಕ್ಕೊಂದು ಹತ್ತಿರವಾದ ವಿಷಯಗಳ ವಿಭಾಗಗಳನ್ನು ಒಂದೆಡೆ ಸೇರಿಸಿ ಡೀನ್ ಒಬ್ಬರ ಕೈಗೆ ಒಪ್ಪಿಸಿದ ಘಟಕವೇ ನಿಕಾಯ. ಇಂಗ್ಲಿಷಿನಲ್ಲಿ ಇದನ್ನು ಫ್ಯಾಕಲ್ಟಿ ಎನ್ನುತ್ತಾರೆ. ಆದರೆ ನಮ್ಮ ಕಾಲೇಜುಗಳಲ್ಲಿ ‘ಗೆಸ್ಟ್ ಫ್ಯಾಕಲ್ಟಿ’ ಎಂದು ಅತಿಥಿ ಉಪನ್ಯಾಸಕರನ್ನು ಕರೆಯುವ ರೂಢಿ ಬಿದ್ದಿರುವುದರಿಂದ, ಇಲ್ಲಿ ಕನ್ನಡದ ಪದವೇ ಹೆಚ್ಚು ಖಚಿತವಾಗಿದೆ.

ಈ ಪದವನ್ನು ಅರಿಯುವ ಅಗತ್ಯ ಬೀಳುವುದು ಅಂಕಪಟ್ಟಿ ಕೈಗೆ ಬಂದಾಗ. ಅಫಜಲಪುರದ ಕಡೆಯ ಒಂದು ಮನೆಯಲ್ಲಿ ಅಣ್ಣ ಬಿ.ಎ. ಓದಿ, ತಮ್ಮ ಬಿ.ಎಸ್‌ಸಿ. ಗಣಿತ ತೆಗೆದುಕೊಂಡಿದ್ದರೆ, ಫಲಿತಾಂಶದ ದಿನ ಕಾಕಾ ಕೇಳುವ ಪ್ರಶ್ನೆ ಒಂದೇ: “ನಿಮ್ಮ ತಮ್ಮಗ ತೊಂಬತ್ತ ಬಂದಾವ, ನಿನಗ್ಯಾಕ ಅರವತ್ತೈದೇ ಬಂದಾವ?” ಎರಡೂ ಅಂಕಗಳು ನೂರಕ್ಕೇ ಎಣಿಕೆಯಾದವು ಎಂಬುದು ನಿಜ. ಆದರೆ ಆ ನೂರನ್ನು ಎರಡು ನಿಕಾಯಗಳು ಎರಡು ರೀತಿಯಲ್ಲಿ ಹಂಚುತ್ತವೆ.

ಮೌಲ್ಯಮಾಪನ ಕೇಂದ್ರದ ಮೇಜಿನ ಮೇಲೆ ಉತ್ತರಪತ್ರಿಕೆಯ ಬಂಡಲ್ ಬಿಚ್ಚಿದಾಗ ಏನಾಗುತ್ತದೆ ಎಂಬುದನ್ನು ನೋಡೋಣ. ಗಣಿತದಲ್ಲಿ ಹತ್ತು ಅಂಕದ ಒಂದು ಅವಕಲ ಸಮೀಕರಣವಿದ್ದರೆ, ಸಹಾಯಕ ಸಮೀಕರಣ ಬರೆದುದಕ್ಕೆ ಇಷ್ಟು, ಮೂಲಗಳನ್ನು ಕಂಡುಹಿಡಿದುದಕ್ಕೆ ಇಷ್ಟು, ಕೊನೆಯ ಉತ್ತರಕ್ಕೆ ಇಷ್ಟು ಎಂದು ಅಂಕ ಹಂಚಿಕೆಯ ಸ್ಕೀಮಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಅಂಕ ಬಿಡಿಸಿರುತ್ತದೆ. ಎಲ್ಲ ಮೆಟ್ಟಿಲು ಸರಿಯಿದ್ದವನಿಗೆ ಹತ್ತಕ್ಕೆ ಹತ್ತು ಕೊಡದಿರಲು ಮೌಲ್ಯಮಾಪಕರಿಗೆ ಕಾರಣವೇ ಸಿಗುವುದಿಲ್ಲ. ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪಿದವನಿಗೆ ಕೊಡಲು ಅಂಕವೂ ಸಿಗುವುದಿಲ್ಲ. ಅದೇ ಕನ್ನಡ ಸಾಹಿತ್ಯದ ಪತ್ರಿಕೆಯಲ್ಲಿ ‘ಶರಣರ ಕಾಯಕ ತತ್ವವನ್ನು ವಿವೇಚಿಸಿ’ ಎಂಬ ಹತ್ತು ಅಂಕದ ಪ್ರಶ್ನೆಗೆ ಎರಡು ಪುಟ ತುಂಬಿಸಿದವನಿಗೆ, ವಿಷಯ ತೀರಾ ಹೊರಗೆ ಹೋಗಿರದಿದ್ದರೆ, ನಾಲ್ಕೋ ಐದೋ ಬೀಳುತ್ತವೆ. ಬಹಳ ಚೆನ್ನಾಗಿ ಬರೆದವನಿಗೆ ಏಳು ಹಾಕಿ ಕೆಂಪು ಪೆನ್ನು ನಿಲ್ಲುತ್ತದೆ. ಇದಕ್ಕಿಂತ ಚೆನ್ನಾದ ಉತ್ತರ ಇನ್ನೂ ಇರಬಹುದು ಎಂಬ ಅಳುಕು ಆ ಪೆನ್ನಿಗೆ ಯಾವಾಗಲೂ ಇರುತ್ತದೆ.

ಹೀಗಾಗಿ ‘ಯಾವ ನಿಕಾಯ ಕಷ್ಟ?’ ಎಂಬ ಪ್ರಶ್ನೆಯೊಳಗೆ ಎರಡು ಬೇರೆ ಬೇರೆ ಪ್ರಶ್ನೆಗಳು ಅಡಗಿವೆ. ವಿಜ್ಞಾನದಲ್ಲಿ ದಡ ಸೇರುವುದೇ ಕಷ್ಟ, ಸೇರಿದವರು ಎಷ್ಟು ಎತ್ತರಕ್ಕಾದರೂ ಏರಬಹುದು; ಕಲಾ ವಿಷಯಗಳಲ್ಲಿ ತೇರ್ಗಡೆ ಅಷ್ಟು ಕಷ್ಟವಲ್ಲ, ಆದರೆ ಅರವತ್ತೈದರಿಂದ ಎಪ್ಪತ್ತೈದಕ್ಕೆ ಹೋಗುವ ಹತ್ತು ಅಂಕಗಳು ದುಬಾರಿ. ಒಂದು ಕಡೆ ಅಂಕಗಳು ಅಗಲವಾಗಿ ಹರಡಿಕೊಳ್ಳುತ್ತವೆ, ಇನ್ನೊಂದು ಕಡೆ ನಡುವಿನಲ್ಲಿ ಗುಂಪುಗಟ್ಟುತ್ತವೆ. ಬಿ.ಎ. ಎಂದರೆ ಸುಲಭ ಎನ್ನುವವರು ಮೊದಲಿನ ಪ್ರಶ್ನೆಗೆ ಉತ್ತರ ಕೊಟ್ಟು ಎರಡನೆಯದನ್ನು ಮರೆತಿರುತ್ತಾರೆ ಎಂಬುದು ನನ್ನ ಅನಿಸಿಕೆ.

ಗ್ರೇಡ್ ಪದ್ಧತಿ ಈ ಅಂತರವನ್ನು ಅಳಿಸಲಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2014ರಲ್ಲಿ ಸೂಚಿಸಿದ ಹತ್ತು ಅಂಶಗಳ ಶ್ರೇಣಿಯಲ್ಲಿ ‘ಓ’ಗೆ 10, ‘ಎ ಪ್ಲಸ್’ಗೆ 9, ಕೊನೆಗೆ ‘ಪಿ’ಗೆ 4 ಅಂಶಗಳಿವೆ. ಇಂತಿಷ್ಟು ಅಂಕಕ್ಕೆ ಇಂತಹ ಗ್ರೇಡ್ ಎಂದು ಮೊದಲೇ ನಿಗದಿ ಮಾಡುವ ನಿರಪೇಕ್ಷ ಕ್ರಮಕ್ಕೂ, ತರಗತಿಯಲ್ಲಿ ಉಳಿದವರ ನಡುವೆ ವಿದ್ಯಾರ್ಥಿಯ ಸ್ಥಾನ ನೋಡಿ ಗ್ರೇಡ್ ಕೊಡುವ ಸಾಪೇಕ್ಷ ಕ್ರಮಕ್ಕೂ ಆ ಮಾರ್ಗಸೂಚಿಯಲ್ಲಿ ಎಡೆಯಿದೆ. ಸಾಪೇಕ್ಷ ಕ್ರಮವಾದರೆ ನಿಕಾಯಗಳ ನಡುವಿನ ಏರುಪೇರು ಸ್ವಲ್ಪ ತಗ್ಗುತ್ತದೆ. ನಿರಪೇಕ್ಷ ಕ್ರಮದಲ್ಲಿ ಹಳೆಯ ಅಂಕವೇ ಅಕ್ಷರದ ವೇಷ ತೊಟ್ಟು ಬರುತ್ತದೆ.

ಪ್ರತಿ ಪತ್ರಿಕೆಯ ತೂಕ ಹೇಳುವ ಕ್ರೆಡಿಟ್ಟಿನ ಲೆಕ್ಕವೂ ಇದರೊಡನೆ ಸೇರುತ್ತದೆ. ವಾರಕ್ಕೆ ಒಂದು ಗಂಟೆಯ ಪಾಠ ಸೆಮಿಸ್ಟರ್ ಪೂರ್ತಿ ನಡೆದರೆ ಒಂದು ಕ್ರೆಡಿಟ್. ಪ್ರಯೋಗಾಲಯದಲ್ಲಾದರೆ ಅದೇ ಒಂದು ಕ್ರೆಡಿಟ್ಟಿಗೆ ಎರಡು ಗಂಟೆ ನಿಲ್ಲಬೇಕು. ಅಂದರೆ ಕ್ರೆಡಿಟ್ ಸಮನಾಗಿದ್ದರೂ ವಿಜ್ಞಾನದ ಹುಡುಗಿ ಕಾಲೇಜಿನಲ್ಲಿ ಕಳೆಯುವ ಗಂಟೆಗಳು ಹೆಚ್ಚು. ಸರಾಸರಿ ತೆಗೆಯುವಾಗ ಗ್ರೇಡ್ ಅಂಶವನ್ನು ಕ್ರೆಡಿಟ್ಟಿನಿಂದ ಗುಣಿಸಬೇಕು: 4 ಕ್ರೆಡಿಟ್ಟಿನ ಪತ್ರಿಕೆಯಲ್ಲಿ 9, ಇನ್ನೊಂದು 4 ಕ್ರೆಡಿಟ್ಟಿನದರಲ್ಲಿ 6, 2 ಕ್ರೆಡಿಟ್ಟಿನದರಲ್ಲಿ 10 ಬಂದಿದ್ದರೆ 36, 24, 20 ಕೂಡಿ 80 ಆಗುತ್ತದೆ, ಅದನ್ನು 10 ಕ್ರೆಡಿಟ್ಟಿನಿಂದ ಭಾಗಿಸಿದರೆ 8.00 ಬರುತ್ತದೆ.

ನಮ್ಮ ಕಲಬುರಗಿ ಭಾಗದಲ್ಲಿ ಇನ್ನೊಂದು ತೊಡಕಿದೆ. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಇಲ್ಲಿನ ವೈದ್ಯಕೀಯ, ಎಂಜಿನಿಯರಿಂಗ್, ಕಾನೂನು ಕಾಲೇಜುಗಳೂ ಅದರ ವ್ಯಾಪ್ತಿಯಲ್ಲೇ ಇದ್ದವು. ಮುಂದೆ 1996ರಲ್ಲಿ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, 1998ರಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, 2009ರಲ್ಲಿ ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯ ಹುಟ್ಟಿ, ಆ ಓದುಗಳು ಒಂದೊಂದಾಗಿ ಅತ್ತ ಸರಿದವು. ಪಶುವೈದ್ಯಕೀಯಕ್ಕೆ ಬೀದರಿನಲ್ಲೇ ಪ್ರತ್ಯೇಕ ವಿಶ್ವವಿದ್ಯಾಲಯವಿದೆ. ಭೀಮರಾಯನಗುಡಿಯ ಕೃಷಿ ಕಾಲೇಜು ರಾಯಚೂರಿನ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದೆ. ಒಂದು ಕಾಲದ ನಿಕಾಯಗಳು ಈಗ ಬೇರೆ ಬೇರೆ ವಿಶ್ವವಿದ್ಯಾಲಯಗಳೇ ಆಗಿರುವುದರಿಂದ ತೇರ್ಗಡೆಯ ಗೆರೆಯೂ ಬೇರೆ ಬೇರೆ: ಎಂಬಿಬಿಎಸ್‌ನಲ್ಲಿ ನೂರಕ್ಕೆ ಐವತ್ತು ಬೇಕು, ಎಂಜಿನಿಯರಿಂಗ್‌ನಲ್ಲಿ ಆಂತರಿಕ ಅಂಕ ಸೇರಿ ಒಟ್ಟು ನಲವತ್ತು ಬೇಕು.

ಶೇಕಡಾವಾರಿಗೆ ಇಳಿಸುವಾಗಲೂ ಹೀಗೆಯೇ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2015ರ ಪಠ್ಯಕ್ರಮದ ಸ್ಕೀಮಿನಲ್ಲಿ ಸಿಜಿಪಿಎಯಿಂದ, ಅಂದರೆ ಎಲ್ಲ ಸೆಮಿಸ್ಟರ್‌ಗಳ ಒಟ್ಟು ಗ್ರೇಡ್ ಸರಾಸರಿಯಿಂದ, 0.75 ಕಳೆದು ಹತ್ತರಿಂದ ಗುಣಿಸಬೇಕಿತ್ತು. ಬೇರೆ ಕೆಲವೆಡೆ ನೇರವಾಗಿ ಹತ್ತರಿಂದ ಗುಣಿಸುತ್ತಾರೆ. ಆದ್ದರಿಂದ ಮೇಲಿನ 8.00 ಎಂಬ ಅಂಕಿಯು ಕೆಲಸದ ಅರ್ಜಿಯ ‘ಶೇಕಡಾವಾರು’ ಎಂಬ ಚೌಕದಲ್ಲಿ ಒಬ್ಬನಿಗೆ 72.5 ಎಂದೂ ಇನ್ನೊಬ್ಬನಿಗೆ 80 ಎಂದೂ ಬರೆಯಲ್ಪಡುತ್ತದೆ. ಆ ಚೌಕದ ಪಕ್ಕದಲ್ಲಿ ನಿಕಾಯದ ಹೆಸರು ಬರೆಯಲು ಸಾಮಾನ್ಯವಾಗಿ ಜಾಗವಿರುವುದಿಲ್ಲ.