ಮೆಜೆಸ್ಟಿಕ್‌ನಿಂದ ಬೆಳ್ಳಂದೂರಿಗೆ, ನೀರಿನ ಹಾದಿಯಲ್ಲಿ

ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕಂಠೀರವ ಕ್ರೀಡಾಂಗಣ ಇರುವಲ್ಲಿ ಸಂಪಂಗಿ ಕೆರೆಯಿತ್ತು; ಕರಗಕ್ಕೆಂದು ಉಳಿಸಿಕೊಂಡ ಪುಟ್ಟ ಹೊಂಡ ಇಂದಿಗೂ ಪಕ್ಕದಲ್ಲಿದೆ. 1997ರ ರಾಷ್ಟ್ರೀಯ ಕ್ರೀಡಾಕೂಟದ ವಸತಿ ಸಮುಚ್ಚಯ ಎದ್ದದ್ದು ಕೋರಮಂಗಲ ಕೆರೆಯ ಮೇಲೆ. ಬೆಂಗಳೂರಿನ ಮಕ್ಕಳು ಈ ಪಟ್ಟಿಯನ್ನು ಎಷ್ಟೋ ಸಲ ಕೇಳಿರುತ್ತಾರೆ. ಕೆರೆ ಹೋದರೂ ಅದಕ್ಕೆ ನೀರು ತರುತ್ತಿದ್ದ ಇಳಿಜಾರು ಎಲ್ಲಿಗೂ ಹೋಗಿಲ್ಲ ಎಂಬುದನ್ನು ಮಾತ್ರ ಅವರು ನಡೆದೇ ತಿಳಿಯಬೇಕು.

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲಿರುವ ಊರಿದು. ದಿಬ್ಬದ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿಯ ಮೂಲಕ ಕಾವೇರಿ ಸೇರುತ್ತದೆ. ಪೂರ್ವಕ್ಕೆ ಬಿದ್ದದ್ದು ಹೆಬ್ಬಾಳ ಮತ್ತು ಕೋರಮಂಗಲ-ಚಲ್ಲಘಟ್ಟ ಕಣಿವೆಗಳಲ್ಲಿಳಿದು ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ದೊಡ್ಡ ನದಿಯಿಲ್ಲದ ಈ ನೆಲದಲ್ಲಿ ಹಿಂದಿನವರು ಕೆರೆಗಳನ್ನು ಸರಪಳಿಯಂತೆ ಕಟ್ಟಿದರು: ಮೇಲಿನ ಕೆರೆಯ ಕೋಡಿ ಹರಿದರೆ ಕೆಳಗಿನದು ತುಂಬುತ್ತಿತ್ತು, ತೂಬು ತೆಗೆದು ಗದ್ದೆಗೆ ನೀರು ಬಿಡುವ ಕೆಲಸ ನೀರುಗಂಟಿಯದು. ಕೊಂಡಿಗಳಾಗಿದ್ದ ರಾಜಕಾಲುವೆಗಳಲ್ಲಿ ಕೆ-100 ಎಂಬುದು ಮೆಜೆಸ್ಟಿಕ್ ಆಸುಪಾಸಿನಲ್ಲಿ ಹುಟ್ಟಿ, ಕೆ.ಆರ್. ಮಾರುಕಟ್ಟೆ, ಶಾಂತಿನಗರ ದಾಟಿ ಬೆಳ್ಳಂದೂರಿನತ್ತ ಸಾಗುತ್ತದೆ. ವಿದ್ಯಾರ್ಥಿಗಳ ಅಧ್ಯಯನಕ್ಕೆ ಇದಕ್ಕಿಂತ ಒಳ್ಳೆಯ ಹಾದಿಯಿಲ್ಲ.

ಹೊರಡುವ ಮೊದಲು ನಕ್ಷೆ. ಕಂದಾಯ ಇಲಾಖೆಯ ಗ್ರಾಮನಕ್ಷೆಯಲ್ಲಿ ಹಳೆಯ ಕೆರೆ, ಹಳ್ಳ, ಸರ್ವೆ ನಂಬರುಗಳಿರುತ್ತವೆ. ನಿಂತ ಜಾಗದ ಸರ್ವೆ ನಂಬರನ್ನು ದಿಶಾಂಕ್ ಆ್ಯಪ್ ತೋರಿಸುತ್ತದೆ. ಹಳೆಯ ನಕ್ಷೆಯನ್ನು ಟ್ರೇಸಿಂಗ್ ಹಾಳೆಗೆ ಇಳಿಸಿ ಇಂದಿನದರ ಮೇಲಿಡುವಾಗ ಜಾಗ ಬದಲಿಸದ ಮೂರು ಗುರುತುಗಳಾದರೂ ಬೇಕು: ಹಳೆಯ ಗುಡಿ, ಕೆರೆ ಏರಿ, ರೈಲುಹಳಿ ದಾಟುವ ಜಾಗ. ಎರಡೇ ಗುರುತು ಹಿಡಿದರೆ ಕಾಗದ ಹಿಗ್ಗಿ ಓರೆಯಾಗಿರುವುದು ಗೊತ್ತಾಗುವುದಿಲ್ಲ, ಕಾಲುವೆ ಪಕ್ಕದ ಬೀದಿಗೆ ಸರಿದುಬಿಡುತ್ತದೆ.

ಎತ್ತರ ಅಳೆಯಲು ಫೋನನ್ನು ನಂಬಬೇಡಿ. ಅದರ ಜಿಪಿಎಸ್ ಹಲವು ಮೀಟರ್ ತಪ್ಪುತ್ತದೆ, ಕಾಲುವೆಯ ತಳವೋ ನೂರು ಮೀಟರಿಗೆ ಅರ್ಧ ಮೀಟರೂ ಇಳಿಯದಿರಬಹುದು. ಗಾರೆ ಕೆಲಸದವರು ಬಳಸುವ ಲೆವೆಲ್ ಪೈಪೇ ಸಾಕು. 20 ಮೀಟರ್ ಪಾರದರ್ಶಕ ಪೈಪಿಗೆ ನೀರು ತುಂಬಿ, ಎರಡು ತುದಿಗಳನ್ನೂ ಅಳತೆ ಪಟ್ಟಿ ಅಂಟಿಸಿದ ಕೋಲುಗಳಿಗೆ ಕಟ್ಟಿ. ಎರಡು ಓದುಗಳ ವ್ಯತ್ಯಾಸವೇ ನೆಲದ ಇಳಿಕೆ. ಒಳಗೆ ಒಂದು ಗಾಳಿಗುಳ್ಳೆ ಉಳಿದರೂ ಲೆಕ್ಕ ಕೆಡುತ್ತದೆ. ಬಿಂದಿಗೆಯಿಂದ ನೀರನ್ನು ಒಂದೇ ತುದಿಯಿಂದ ನಿಧಾನವಾಗಿ ಎಳೆದು ತುಂಬಿಸಬೇಕು, ಎರಡು ತುದಿಗಳನ್ನೂ ಒಟ್ಟಿಗೆ ಹಿಡಿದು ಮಟ್ಟ ಸಮವಿದೆಯೇ ಎಂದು ಪ್ರತಿ ಸಲ ಪರೀಕ್ಷಿಸಬೇಕು.

ಹರಿವನ್ನು ಸೇತುವೆಯ ಮೇಲಿಂದಲೇ ಅಳೆಯಿರಿ. ಕಾಲುವೆಗೆ ಯಾರೂ ಇಳಿಯಬಾರದು, ಮಳೆ ಮೋಡವಿದ್ದ ದಿನ ಅತ್ತ ಹೋಗಲೇಬಾರದು. ಕಿತ್ತಳೆ ಸಿಪ್ಪೆಯೊಂದನ್ನು ತೇಲಿಬಿಟ್ಟು 10 ಮೀಟರ್ ದಾಟುವ ಸಮಯ ಗುರುತಿಸಿ. 20 ಸೆಕೆಂಡ್ ಹಿಡಿದರೆ ವೇಗ ಸೆಕೆಂಡಿಗೆ 0.5 ಮೀಟರ್. ತಳದ ನೀರು ನಿಧಾನವಾದ್ದರಿಂದ 0.85ರಿಂದ ಗುಣಿಸಿ. ಅಗಲ 4 ಮೀಟರ್, ಆಳ 0.3 ಮೀಟರ್ ಇದ್ದರೆ ಸೆಕೆಂಡಿಗೆ ಸುಮಾರು 510 ಲೀಟರ್. ವಾರದಿಂದ ಮಳೆಯಿಲ್ಲದ ದಿನವೂ ಕಾಲುವೆಯಲ್ಲಿ ಹೀಗೆ ಹರಿವಿದ್ದರೆ ಅದು ಬಹುಮಟ್ಟಿಗೆ ನಮ್ಮ ಮನೆಗಳ ಕೊಳಚೆ. ಬೆಳ್ಳಂದೂರಿನ ಕೋಡಿಯಲ್ಲಿ ಧುಮುಕಿ ನೊರೆಯಾಗಿ ಹಾರಿದ್ದು ಇಂಥ ನೀರಿನಲ್ಲಿದ್ದ ಸೋಪಿನಂಶವೇ.

ಇನ್ನು ನೆರೆಯ ಲೆಕ್ಕ, ಎಲ್ಲಕ್ಕಿಂತ ಮುಖ್ಯವಾದದ್ದು. ಜಲಾನಯನದ, ಅಂದರೆ ಕಾಲುವೆಗೆ ನೀರು ಹರಿದು ಬರುವ ನೆಲದ, ಹೆಕ್ಟೇರನ್ನು ಗಂಟೆಗೆ ಬೀಳುವ ಮಳೆಯ ಮಿಲಿಮೀಟರಿನಿಂದಲೂ ಹರಿವಿನ ಅಂಶದಿಂದಲೂ (ಬಿದ್ದ ಮಳೆಯಲ್ಲಿ ಇಂಗದೆ ಹರಿದುಹೋಗುವ ಪಾಲು) ಗುಣಿಸಿ 360ರಿಂದ ಭಾಗಿಸಿ. 100 ಹೆಕ್ಟೇರ್, ಗಂಟೆಗೆ 60 ಮಿ.ಮೀ. ಮಳೆ, ಹೊಲಗದ್ದೆಯಾಗಿದ್ದಾಗ ಅಂಶ 0.3 ಎಂದುಕೊಂಡರೆ ಸೆಕೆಂಡಿಗೆ 5 ಘನಮೀಟರ್. ಕಾಂಕ್ರೀಟಾದ ಮೇಲೆ 0.9, ಅಂದರೆ 15. ಕಾಲುವೆ ಮಾತ್ರ ಅದೇ, ಹಲವೆಡೆ ಇನ್ನೂ ಕಿರಿದು. ನೀರು ಉಕ್ಕುವುದು ಮೋರಿ ಕಿರಿದಾದಲ್ಲಿ, ಕಾಲುವೆಯನ್ನು ನಿವೇಶನದ ಅಂಚಿಗೆ ಲಂಬವಾಗಿ ತಿರುಗಿಸಿದಲ್ಲಿ, ಮುಚ್ಚಿದ ಕೆರೆಯಂಗಳದಲ್ಲಿ. ನಕ್ಷೆಯಲ್ಲಿ ಈ ಮೂರನ್ನೂ ಕೆಂಪಿನಲ್ಲಿ ಗುರುತಿಸಿ. ‘ಪರಿಷ್ಕೃತ ಮಹಾಯೋಜನೆ-2015’ ಪ್ರಾಥಮಿಕ, ದ್ವಿತೀಯ, ತೃತೀಯ ಕಾಲುವೆಗಳಿಗೆ 50, 25, 15 ಮೀಟರ್ ಮೀಸಲು ಅಂಚು ಹೇಳಿತ್ತು. ಟೇಪು ಹಿಡಿದರೆ ಎಷ್ಟು ಉಳಿದಿದೆಯೆಂದು ಕಣ್ಣಿಗೇ ಕಾಣುತ್ತದೆ.

ಸೆಕೆಂಡಿಗೆ ಹೆಚ್ಚಾದ ಈ 10 ಘನಮೀಟರ್ ಒಂದು ಗಂಟೆ ಹರಿದರೆ 3.6 ಕೋಟಿ ಲೀಟರ್. 80 ಚದರ ಮೀಟರ್ ಚಾವಣಿಯಿಂದ ಆ ಗಂಟೆಯಲ್ಲಿ, ಅದೇ 0.9 ಅಂಶದಂತೆ, ಸುಮಾರು 4,300 ಲೀಟರ್ ಇಳಿಯುತ್ತದೆ. ಇಂಥ 4,000 ಮನೆಗಳು ಸಂಪಿನಲ್ಲೋ ಇಂಗುಗುಂಡಿಯಲ್ಲೋ ಅದನ್ನು ಹಿಡಿದಿಟ್ಟರೆ 1.7 ಕೋಟಿ ಲೀಟರ್ ಕಾಲುವೆಗೆ ಬರುವುದಿಲ್ಲ. ಉಳಿದದ್ದಕ್ಕೆ ರಸ್ತೆಗಿಂತ 30 ಸೆಂಟಿಮೀಟರ್ ತಗ್ಗಿಸಿದ, ತಲಾ 1,000 ಚದರ ಮೀಟರಿನ 63 ಮೈದಾನ, ಪಾರ್ಕುಗಳು ಬೇಕು. ಹುಡುಕಾಟ ಕಣಿವೆಯ ತಲೆಯಿಂದಲೇ ಶುರುವಾಗಲಿ, ಏಕೆಂದರೆ ಕೆಳಗಿನ ಮೈದಾನಗಳು ಮೇಲಿನ ನೀರು ಬಂದು ಸೇರುವ ಹೊತ್ತಿಗೆ ತಮ್ಮ ಸುತ್ತಲಿನ ಮಳೆನೀರಿನಿಂದಲೇ ತುಂಬಿರಬಹುದು.