ಟೈಗ್ರಿಸ್ ಪಾತ್ರ ಬದಲಿಸಿದಾಗ: ಅಬ್ಬಾಸಿದ್ ಕಾಲದ ಇರಾಕಿನ ದೋಣಿದಾರಿ

ಬಾಗ್ದಾದಿನ ಖಲೀಫರಾದ ಅಬ್ಬಾಸಿದರ ಕಾಲದ ಇರಾಕಿನ ಜಲಮಾರ್ಗವನ್ನು ಓದಲು ಕೂರುವವರು ಮೊದಲು ಇಂದಿನ ಭೂಪಟವನ್ನು ಪಕ್ಕಕ್ಕಿಡಬೇಕು. ಈಗ ಟೈಗ್ರಿಸ್ ನದಿ ಕೂತ್ ಪಟ್ಟಣವನ್ನು ದಾಟಿ, ಪೂರ್ವದ ಪಾತ್ರದಲ್ಲಿ ಅಮಾರಾದತ್ತ ಹರಿಯುತ್ತದೆ. 9 ಮತ್ತು 10ನೆಯ ಶತಮಾನಗಳಲ್ಲಾದರೋ ಅದರ ಮುಖ್ಯ ಹರಿವು ಪಶ್ಚಿಮಕ್ಕೆ ಸರಿದು, ವಾಸಿತ್ ನಗರದ ನಡುವೆ ಸಾಗಿ, ಬತೀಹಾ ಎಂಬ ವಿಶಾಲ ಜೌಗಿನಲ್ಲಿ ಹರಡಿಕೊಳ್ಳುತ್ತಿತ್ತು.

ಈ ಪಲ್ಲಟ ಇರಾಕಿಗೆ ಇಸ್ಲಾಂ ಬರುವುದಕ್ಕಿಂತ ಸ್ವಲ್ಪ ಹಿಂದಿನದು. ಪರ್ಷಿಯದ ಸಸಾನಿ ಮನೆತನದ ದೊರೆ ಎರಡನೆಯ ಖುಸ್ರೋನ ಕೊನೆಯ ದಿನಗಳಲ್ಲಿ, ಸುಮಾರು 628ರಲ್ಲಿ, ಭಾರಿ ನೆರೆ ಬಂದು ಏರಿಗಳು ಒಡೆದವು. ಒಡಕನ್ನು ಮುಚ್ಚಿಸಲು ದೊರೆ ಹಣ ಸುರಿದನೆಂದೂ, ಒಂದೇ ದಿನ ನಲವತ್ತು ಮಂದಿ ಕೆಲಸಗಾರರನ್ನು ಶಿಲುಬೆಗೇರಿಸಿದನೆಂದೂ, ಆದರೂ ನೀರು ನಿಲ್ಲಲಿಲ್ಲವೆಂದೂ 9ನೆಯ ಶತಮಾನದ ಇತಿಹಾಸಕಾರ ಬಲಾದುರಿ ಹೇಳುತ್ತಾನೆ. ಬೆನ್ನಿಗೇ ಅರಬ್ಬರ ದಾಳಿ ಬಂದದ್ದರಿಂದ ಏರಿಗಳ ದುರಸ್ತಿಯನ್ನು ನೋಡುವವರಿಲ್ಲದಾಯಿತು, ಜೌಗು ಬೆಳೆಯಿತು.

ಹೀಗಾಗಿ ‘ನದಿ ಮಾರ್ಗ’ ಎಂದಾಗ ಒಂದೇ ದೋಣಿ ಮೂಲದಿಂದ ಸಮುದ್ರದವರೆಗೆ ತೇಲಿಹೋಗುವ ಚಿತ್ರವನ್ನು ಬಿಡಬೇಕು. ಅದು ತುಂಡುತುಂಡಾದ ದಾರಿ. ಸರಕನ್ನು ಇಳಿಸಿ ಏರಿಸುವ ಜಾಗಗಳೇ ಅದರ ಗಂಟುಗಳು. 762ರಲ್ಲಿ ಖಲೀಫ ಮನ್ಸೂರ್ ಬಾಗ್ದಾದನ್ನು ಕಟ್ಟಿಸಿದಾಗ ಟೈಗ್ರಿಸ್ ಮಾತ್ರವಲ್ಲ, ಯೂಫ್ರೆಟಿಸ್‌ನಿಂದ ಬರುವ ಕಾಲುವೆಗಳೂ ಅವನ ಲೆಕ್ಕದಲ್ಲಿದ್ದವು. ಯೂಫ್ರೆಟಿಸ್ ದಂಡೆಯ ರಕ್ಕಾದ ಕಡೆಯಿಂದ ಬಂದ ದೊಡ್ಡ ದೋಣಿಗಳು ಈಸಾ ಕಾಲುವೆಯಲ್ಲಿ ಸಾಗಿ ಬರುತ್ತಿದ್ದವು. ಆದರೆ ಅದರ ಕವಲಾದ ಸರಾತ್ ಕಾಲುವೆಯ ಸೇತುವೆ, ಒಡ್ಡುಗಳು ಅಡ್ಡವಾಗುತ್ತಿದ್ದುದರಿಂದ ಸರಕನ್ನು ಮುಹವ್ವಲ್‌ನಲ್ಲಿ ಸಣ್ಣ ದೋಣಿಗಳಿಗೆ ತುಂಬಬೇಕಾಗುತ್ತಿತ್ತು. ಆ ಊರಿನ ಹೆಸರಿಗೇ ‘ಸರಕು ಬದಲಿಸುವ ಜಾಗ’ ಎಂಬ ಅರ್ಥವಿದೆ. ದಕ್ಷಿಣದಲ್ಲಿಯೂ ಇದೇ ಕಥೆ: ಟೈಗ್ರಿಸ್‌ನ ದೊಡ್ಡ ದೋಣಿಗಳ ಓಟ ಜೌಗಿನಂಚಿನ ಕತ್ರ್‌ನಲ್ಲಿ ಮುಗಿಯುತ್ತಿತ್ತು, ಅಲ್ಲಿಂದ ಮುಂದೆ ಅಂಬಿಗರು ಜೊಂಡಿನ ನಡುವಿನ ಓಣಿಗಳಲ್ಲಿ ಗಳ ಊರಿ ಚಿಕ್ಕ ದೋಣಿಗಳನ್ನು ನೂಕುತ್ತಿದ್ದರು. ದಾರಿಯುದ್ದಕ್ಕೂ ಅಟ್ಟಣೆಗಳ ಮೇಲೆ ಕಾವಲುಗಾರರ ಜೊಂಡಿನ ಗುಡಿಸಲುಗಳಿದ್ದವು. ಅವು ಸೊಳ್ಳೆಯಿಂದಲೂ ರಕ್ಷಣೆ ಕೊಡಬೇಕಿತ್ತು.

ದೋಣಿಗಳ ವಿಷಯಕ್ಕೆ ಬಂದರೆ, ನನಗೆ ಅತ್ಯಂತ ಜಾಣತನದ್ದೆನಿಸುವುದು ಕೆಲೆಕ್. ಗಾಳಿ ತುಂಬಿದ ಆಡಿನ ತೊಗಲುಗಳ ಮೇಲೆ ಮರದ ಚೌಕಟ್ಟು ಬಿಗಿದ ಈ ತೆಪ್ಪ ಮೋಸುಲ್ ಕಡೆಯಿಂದ ಹರಿವಿನ ಜೊತೆ ಇಳಿಯುತ್ತಿತ್ತು. ಮೇಲಕ್ಕೆ ಮರಳಲು ಅದಕ್ಕಾಗದು. ಆದ್ದರಿಂದ ಸರಕಿನ ಜೊತೆಗೆ ಮರವನ್ನೂ ಮಾರಿ, ಗಾಳಿ ಬಿಟ್ಟ ತೊಗಲುಗಳನ್ನು ಕತ್ತೆಯ ಮೇಲೆ ಹೇರಿಕೊಂಡು ಊರಿಗೆ ಮರಳುತ್ತಿದ್ದರು. ಡಾಂಬರು ಬಳಿದ ದುಂಡನೆಯ ಕುಫ್ಫಾವಾದರೆ ತುಂಗಭದ್ರೆಯ ಹರಿಗೋಲನ್ನು ಕಂಡವರಿಗೆ ಅಪರಿಚಿತವಲ್ಲ.

ನದಿ ಕಡಲು ಸೇರುವಲ್ಲಿ ಹೂಳಿನ ದಿಬ್ಬಗಳದೇ ಭಯ. 11ನೆಯ ಶತಮಾನದ ಮಧ್ಯದಲ್ಲಿ ಅಬ್ಬಾದಾನ್ ಮೂಲಕ ಹೋದ ಪರ್ಷಿಯನ್ ಪ್ರವಾಸಿ ನಾಸಿರ್ ಖುಸ್ರೋ, ನೀರಿನಲ್ಲಿ ನಿಲ್ಲಿಸಿದ ತೇಗದ ನಾಲ್ಕು ಭಾರಿ ಕಂಬಗಳನ್ನು ವರ್ಣಿಸಿದ್ದಾನೆ: ಬುಡದಲ್ಲಿ ಅಗಲ, ತುದಿಯಲ್ಲಿ ಕಿರಿದು, ಮೇಲೆ ಕಾವಲುಗಾರನ ಕೋಣೆ. ಗಾಳಿಗೆ ಆರದಂತೆ ಗಾಜಿನೊಳಗಿಟ್ಟು ರಾತ್ರಿ ಉರಿಸುತ್ತಿದ್ದ ದೀಪ, ಇಲ್ಲಿ ಆಳ ಕಡಿಮೆ ಎಂದು ಹಡಗಿನವರನ್ನು ಎಚ್ಚರಿಸುತ್ತಿತ್ತು. ತೇಗ ಇರಾಕಿನಲ್ಲಿ ಬೆಳೆಯುವ ಮರವಲ್ಲ. ಅದು ಭಾರತದ ಕಡೆಯಿಂದ ಕಡಲ ಮೇಲೆ ಬರುತ್ತಿದ್ದ ಸರಕು.

ಕೊನೆಗೆ ನದಿ ಮತ್ತೆ ಪೂರ್ವಕ್ಕೆ ಹೊರಳಿತು. 16ನೆಯ ಶತಮಾನದ ಹೊತ್ತಿಗೆ ವಾಸಿತ್‌ನ ಪಾತ್ರ ಮುಖ್ಯ ದಾರಿಯಾಗಿ ಉಳಿದಿರಲಿಲ್ಲ. 17ನೆಯ ಶತಮಾನದ ಒಟ್ಟೊಮನ್ ವಿದ್ವಾಂಸ ಕಾತಿಪ್ ಚೆಲೆಬಿಯ ಬರಹದಲ್ಲಿ ಆ ನಗರ ಮರುಭೂಮಿಯ ನಡುವೆ ನಿಂತಿದೆ. ಅಲ್ಲಿನ ಕಾಲುವೆಗೆ ಹೆಸರು ತಂದಿದ್ದುದು ದೋಣಿಗಳಲ್ಲ, ಲೇಖನಿ ಮಾಡಲು ಕೊಯ್ಯುತ್ತಿದ್ದ ಜೊಂಡು.