ನಾಳ ಕಟ್ಟಿಕೊಂಡ ಮಿದುಳಲ್ಲಿ ರಕ್ತಸ್ರಾವ ಏಕೆ?

ರಾಯಚೂರಿನಲ್ಲಿ ನನ್ನ ಜೊತೆ ವೈದ್ಯಕೀಯ ಓದುವವರು ಪ್ರತಿ ಸಲ ತಡವರಿಸುವುದು ಇಲ್ಲೇ. ನಾಳ ಮುಚ್ಚಿದರೆ ರಕ್ತವೇ ಮುಂದೆ ಹೋಗುವುದಿಲ್ಲ, ಮತ್ತೆ ಸೋರುವುದು ಹೇಗೆ? ನನಗೆ ಇದು ತಲೆಗೆ ಹತ್ತಿದ್ದು ತುಂಗಭದ್ರಾ ಎಡದಂಡೆ ನಾಲೆಯನ್ನು ನೆನೆಸಿಕೊಂಡ ಮೇಲೆ. ದೊಡ್ಡ ಕಾಲುವೆಯಲ್ಲಿ ಹೂಳು ತುಂಬಿ ನೀರು ನಿಂತರೆ ಅದು ಪಕ್ಕದ ಸಣ್ಣ ಕಾಲುವೆಗೆ ನುಗ್ಗುತ್ತದೆ. ಅದರ ಏರಿ ಮಣ್ಣಿನದು, ಅಷ್ಟು ನೀರಿಗೆಂದು ಕಟ್ಟಿದ್ದಲ್ಲ. ಎಲ್ಲೋ ಒಂದು ಕಡೆ ಏರಿ ಒಡೆದು ಬೋಂಗಾ ಬೀಳುತ್ತದೆ. ಕೊನೆ ಭಾಗದ ಹೊಲ ಒಣಗಿರುವಾಗಲೇ ನಡುವಿನ ಹೊಲ ಮುಳುಗುತ್ತದೆ.

ಮಿದುಳಲ್ಲಿ ಇದಕ್ಕೆ ನೇರ ಉದಾಹರಣೆ ಮೊಯಾಮೊಯಾ ಕಾಯಿಲೆ. ಕುತ್ತಿಗೆಯಿಂದ ಮಿದುಳಿಗೆ ರಕ್ತ ಒಯ್ಯುವ ಒಳ ಕೆರೋಟಿಡ್ ಅಪಧಮನಿಯ ತುದಿ, ಸಾಮಾನ್ಯವಾಗಿ ಎರಡೂ ಬದಿಯಲ್ಲಿ, ನಿಧಾನವಾಗಿ ಕಿರಿದಾಗುತ್ತ ಹೋಗುತ್ತದೆ. ಆಗ ಮಿದುಳಿನ ತಳದ ಕೂದಲೆಳೆಯಂಥ ನಾಳಗಳು ಹಿಗ್ಗಿ ಆ ಭಾರ ಹೊರುತ್ತವೆ. ಆಂಜಿಯೋಗ್ರಾಮಿನಲ್ಲಿ ಅವು ಹೊಗೆಯ ಹಾಗೆ ಕಾಣುತ್ತವೆ. 1969ರಲ್ಲಿ ಜಪಾನಿನ ಸುಜುಕಿ ಮತ್ತು ತಕಾಕು ಈ ಹೆಸರು ಕೊಟ್ಟದ್ದು ಅದಕ್ಕೇ. ಗೋಡೆ ತೆಳು, ಹರಿವು ಜಾಸ್ತಿ. ಮಕ್ಕಳಲ್ಲಿ ಹೆಚ್ಚಾಗಿ ರಕ್ತ ಸಾಲದೆ ಆಗುವ ಸ್ಟ್ರೋಕ್ ಕಾಣುತ್ತದೆ, ದೊಡ್ಡವರಲ್ಲಿ ಈ ನಾಳಗಳು ಒಡೆಯುವುದೂ ಉಂಟು.

ಎರಡನೇ ದಾರಿ ಬೇರೆ. ರಕ್ತ ಸಿಗದೆ ಸತ್ತ ಜಾಗದಲ್ಲಿ ನಾಳಗಳ ಗೋಡೆಯೂ ಕೆಟ್ಟಿರುತ್ತದೆ. ಹೆಪ್ಪು ಕರಗಿ ರಕ್ತ ಮರಳಿದಾಗ ಅಲ್ಲೇ ಸೋರುತ್ತದೆ. ಹೆಪ್ಪು ಕರಗಿಸುವ ಆಲ್ಟೆಪ್ಲೇಸ್ ಚುಚ್ಚುಮದ್ದಿನ 1995ರ ಅಮೆರಿಕದ ಅಧ್ಯಯನದಲ್ಲಿ, ಮದ್ದು ಪಡೆದವರಲ್ಲಿ ಶೇ. 6.4 ಮಂದಿಗೆ ಲಕ್ಷಣ ತೋರುವ ರಕ್ತಸ್ರಾವವಾಯಿತು, ಪಡೆಯದವರಲ್ಲಿ ಶೇ. 0.6. ಆದರೂ ಮೂರು ತಿಂಗಳ ನಂತರ ಹೆಚ್ಚು ಚೇತರಿಸಿಕೊಂಡದ್ದು ಮದ್ದು ಪಡೆದವರೇ. ಪರೀಕ್ಷೆಯಲ್ಲಿ ಈ ಎರಡೂ ಮಾತನ್ನು ಜೊತೆಗೇ ಬರೆಯಿರಿ, ಒಂದನ್ನೇ ಬರೆದರೆ ಉತ್ತರ ಅರ್ಧ. ಬಿ.ಪಿ. ಲೆಕ್ಕ ಬಾಯಿಪಾಠ ಇರಲಿ: ಚುಚ್ಚುಮದ್ದಿಗೆ ಮುಂಚೆ 185/110ಕ್ಕಿಂತ ಕೆಳಗೆ, ಆಮೇಲೆ 24 ಗಂಟೆ 180/105 ದಾಟಬಾರದು.

ಮೂರನೆಯದು ಅಪರೂಪ. ಕುತ್ತಿಗೆಯ ಕೆರೋಟಿಡ್ ನಾಳಕ್ಕೆ ಸ್ಟೆಂಟ್ (ಜಾಲರಿಯಂಥ ಕೊಳವೆ) ಹಾಕಿ ತೆರೆದ ಮೇಲೆ, ಬಹುಕಾಲ ಹಿಗ್ಗಿಯೇ ಇದ್ದ ಸಣ್ಣ ನಾಳಗಳು ಒಮ್ಮೆಲೆ ಕುಗ್ಗಲಾರವು, ನುಗ್ಗಿ ಬಂದ ರಕ್ತ ಅಲ್ಲಿ ಸೋರಬಹುದು. ಆ ಬದಿಗೆ ತಲೆನೋವು, ಫಿಟ್ಸ್ ಬಂದರೆ ಮೊದಲು ಬಿ.ಪಿ. ನೋಡಬೇಕು.

ಲಕ್ವಾ ಹೊಡೆಯಿತೆಂದು ಮನೆಯಲ್ಲೇ ಆಸ್ಪಿರಿನ್ ನುಂಗಿಸಿ ಕರೆತರಬೇಡಿ ಎಂದು ನಿಮ್ಮ ಊರಲ್ಲೂ ಹೇಳಿ. ಕಟ್ಟಿದ್ದೋ ಒಡೆದದ್ದೋ ಎಂಬುದು ಹೊರಗಿನಿಂದ ತಿಳಿಯುವುದಿಲ್ಲ, ಸಿ.ಟಿ. ಸ್ಕ್ಯಾನ್ ಬೇಕೇ ಬೇಕು. ಅದರಲ್ಲಿ ಹೊಸ ರಕ್ತ ಬೆಳ್ಳಗೆ ಕಾಣುತ್ತದೆ. ರಕ್ತ ಸಿಗದ ಜಾಗ ಮೊದಲ ಕೆಲವು ಗಂಟೆ ಏನೂ ತೋರಿಸದಿರಬಹುದು, ಆಮೇಲೆ ಕಪ್ಪಾಗುತ್ತದೆ. ಆ ಕಪ್ಪಿನೊಳಗೆ ಬಿಳಿ ಕಂಡರೆ ಅದು ಎರಡನೇ ದಾರಿಯದು.